ಟ್ರ್ಯಾಕ್ ಫ್ರೇಮ್ ಸೈಕಲ್ ದಿನಾ ರೋಡಲ್ಲಿ ಓಡ್ಸೋಕೆ ಆಗುತ್ತಾ? ತಗೊಳ್ಳೋಕ್ ಮುಂಚೆ ಏನೇನ್ ನೋಡ್ಬೇಕು

"ಫಿಕ್ಸಿ ತಗೊಳ್ಳೋಣ ಅಂತಿದೀನಿ, ಯಾವ್ದು ಒಳ್ಳೇದು" ಅಂತ ಕೇಳೋರಲ್ಲಿ ಹೆಚ್ಚುಕಮ್ಮಿ ಎಲ್ರೂ ಎರಡು ಬೇರೆ ಬೇರೆ ವಿಷಯನ ಒಂದೇ ಅಂದ್ಕೊಂಡಿರ್ತಾರೆ. ಫಿಕ್ಸಿ, ಅಂದ್ರೆ ಫಿಕ್ಸೆಡ್ ಗೇರ್ ಅನ್ನೋದು ಹಿಂದಿನ ಚಕ್ರದ ವಿಷಯ. ಹಬ್‌ಗೆ ಹಲ್ಲುಚಕ್ರ ಬಿಗಿಯಾಗಿ ಕೂತಿರುತ್ತೆ, ಫ್ರೀವೀಲ್ ಇರಲ್ಲ, ಚಕ್ರ ತಿರುಗ್ತಾ ಇರೋವರ್ಗೂ ಪೆಡಲ್ಲೂ ತಿರುಗ್ತಾನೇ ಇರುತ್ತೆ, ಮಧ್ಯದಲ್ಲಿ ಕಾಲು ಸುಮ್ನೆ ಇಟ್ಕೊಳ್ಳೋ ಹಾಗಿಲ್ಲ. ಟ್ರ್ಯಾಕ್ ಫ್ರೇಮ್ ಅನ್ನೋದು ಬೇರೆ, ಅದು ವೆಲೊಡ್ರೋಮ್‌ನಲ್ಲಿ ರೇಸ್ ಓಡೋಕೆ ಅಂತಲೇ ಅಳತೆ ಹಾಕಿ ಮಾಡಿರೋ ಫ್ರೇಮು. ಫಿಕ್ಸೆಡ್ ಚಕ್ರನ ಸಾಧಾರಣ ಹಳೇ ರೋಡ್ ಸೈಕಲ್‌ಗೂ ಹಾಕ್ಬಹುದು, ಟ್ರ್ಯಾಕ್ ಫ್ರೇಮ್‌ಗೆ ಫ್ರೀವೀಲ್ ಹಾಕ್ಕೊಂಡು ಆರಾಮಾಗಿ ಕಾಲು ನಿಲ್ಸ್ಕೊಂಡೂ ಓಡ್ಸ್ಬಹುದು. ಇದು ತಲೇಲಿ ಕ್ಲಿಯರ್ ಆಗ್ಬಿಟ್ರೆ ಅರ್ಧ ಗೊಂದಲ ಅಲ್ಲೇ ಮುಗೀತು, ಯಾಕಂದ್ರೆ ಚಕ್ರ ಯಾವಾಗ ಬೇಕಾದ್ರೂ ಬದಲಾಯಿಸ್ಬಹುದು, ಫ್ರೇಮ್ ಮಾತ್ರ ತಗೊಂಡಿದ್ದು ತಗೊಂಡಂಗೇ.

ವೆಲೊಡ್ರೋಮ್ ಅಂದ್ರೆ ಒಲಿಂಪಿಕ್ಸ್ ಲೆಕ್ಕದಲ್ಲಿ 250 ಮೀಟರ್ ಸುತ್ತಿನ ಮರದ ಟ್ರ್ಯಾಕು, ತಿರುವುಗಳು 40 ಡಿಗ್ರಿಗೂ ಮೀರಿ ಓರೆ, ಎಲ್ರೂ ಒಂದೇ ದಿಕ್ಕಲ್ಲಿ ಎಡಕ್ಕೇ ತಿರುಗ್ತಾ ಹೋಗ್ತಾರೆ, ಯಾರ ಸೈಕಲ್‌ಗೂ ಬ್ರೇಕ್ ಇರಲ್ಲ, ಇಡೋ ಹಾಗೂ ಇಲ್ಲ. ಅಲ್ಲಿ ಹಂಪ್ ಇಲ್ಲ, ಗುಂಡಿ ಇಲ್ಲ, ರೈಟ್ ಇಂಡಿಕೇಟರ್ ಹಾಕಿ ಲೆಫ್ಟಿಗೆ ತಿರುಗೋ ಆಟೋ ಇಲ್ಲ, ಮಳೆ ಇಲ್ಲ. ಅದಕ್ಕೇ ಆ ಫ್ರೇಮಲ್ಲಿ ಬ್ರೇಕ್ ಕೂರಿಸೋ ತೂತು ಇರಲ್ಲ, ಬಾಟಲ್ ಸ್ಟ್ಯಾಂಡ್‌ಗೆ ಸ್ಕ್ರೂ ಜಾಗ ಇರಲ್ಲ, ಮಡ್‌ಗಾರ್ಡ್ ಕ್ಯಾರಿಯರ್ ಮಾತೇ ಬೇಡ. ಹ್ಯಾಂಡಲ್ ಕೂರೋ ಹೆಡ್ ಟ್ಯೂಬು 74-75 ಡಿಗ್ರಿ ಅಂತ ನೆಟ್ಟಗೆ ನಿಂತಿರುತ್ತೆ, ಮುಂದಿನ ಚಕ್ರ ಹಿಡ್ಕೊಳ್ಳೋ ಫೋರ್ಕ್ ಮುಂದಕ್ಕೆ ಬಾಗಿರೋದು ಕಮ್ಮಿ, ಮುಂದಿನ ಚಕ್ರ ಕಾಲಿಗೆ ಹತ್ರ ಬಂದಿರುತ್ತೆ, ಟಯರ್‌ಗೂ ಫ್ರೇಮ್‌ಗೂ ನಡುವೆ ಜಾಗ 23 ಅಥವಾ 25 ಎಂಎಂ ಟಯರ್‌ಗೆ ಆಗೋವಷ್ಟೇ. ಇದರಲ್ಲಿ ಯಾವುದೂ ತಪ್ಪಲ್ಲ, ಆ ಕೆಲಸಕ್ಕೆ ಅದು ಸರಿ.

ಈಗ ನಮ್ಮ ಮುಂದಿರೋ ಆಯ್ಕೆಗಳು ಅಂದ್ರೆ: ಒಂದು ಇಂಥ ಅಪ್ಪಟ ಟ್ರ್ಯಾಕ್ ಫ್ರೇಮ್, ಕೇರಿನ್ ಅನ್ನೋ ಜಪಾನೀ ಟ್ರ್ಯಾಕ್ ರೇಸಿನ ಸೆಕೆಂಡ್ ಹ್ಯಾಂಡ್ ಫ್ರೇಮುಗಳೂ ಇದರಲ್ಲೇ ಬಂತು. ಎರಡನೇದು ನೋಡೋಕೆ ಟ್ರ್ಯಾಕ್ ಥರಾನೇ ಇದ್ದು ರೋಡಿಗೆ ಅಂತ ಮಾಡಿರೋ ಸ್ಟ್ರೀಟ್ ಫ್ರೇಮು, ಫ್ಯೂಜಿ ಫೆದರ್, ಸರ್ಲಿ ಸ್ಟೀಮ್‌ರೋಲರ್ ಇಂಥವು. ಮೂರನೇದು ಹಳೇ ಸ್ಟೀಲ್ ರೋಡ್ ಸೈಕಲ್ ಫ್ರೇಮನ್ನ ಸಿಂಗಲ್ ಸ್ಪೀಡ್, ಅಂದ್ರೆ ಒಂದೇ ಗೇರಿಂದು ಮಾಡ್ಕೊಳ್ಳೋದು. ನಾಲ್ಕನೇದು ಈ ಉಸಾಬರಿನೇ ಬೇಡ ಅಂತ ಗೇರ್ ಇರೋ ಒಂದು ಹೈಬ್ರಿಡ್ (ರೋಡ್ ಸೈಕಲ್ಲಿಗೂ ಮೌಂಟನ್ ಬೈಕಿಗೂ ನಡುವಿಂದು) ತಗೊಳ್ಳೋದು. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ತೂಕ, ಬ್ರ್ಯಾಂಡು, ಕಲರ್ರು ಇವೆಲ್ಲ ಆಮೇಲೆ. ಫ್ರೇಮಲ್ಲಿ ಇರೋ ತೂತು ಮತ್ತೆ ಸಂದು ನೋಡಿ ಸೈಕಲ್ ಆರಿಸ್ಬೇಕು. ಬ್ರೇಕ್‌ಗೆ ತೂತು ಇದ್ಯಾ, ದಪ್ಪ ಟಯರ್‌ಗೆ ಸಂದು ಇದ್ಯಾ, ಕಾಲಿನ ಬೆರಳಿಗೂ ಮುಂದಿನ ಟಯರ್‌ಗೂ ಮಧ್ಯೆ ಜಾಗ ಇದ್ಯಾ, ಅಷ್ಟೇ.

ಬ್ರೇಕಿಂದ ಶುರು ಮಾಡೋಣ, ಜಗಳ ಜಾಸ್ತಿ ಇರೋದೂ ಇಲ್ಲೇ. ಫಿಕ್ಸೆಡ್‌ನಲ್ಲಿ ಕಾಲಲ್ಲೇ ಹಿಂದಕ್ಕೆ ಒತ್ತಿ ನಿಲ್ಲಿಸ್ಬಹುದು, ಸ್ಕಿಡ್ ಮಾಡ್ಬಹುದು, ಹಂಗಾಗಿ ಬ್ರೇಕ್ ಯಾಕೆ ಅಂತಾರೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಸೈಕಲ್ ನಿಲ್ಲೋವಾಗ ಭಾರ ಎಲ್ಲಾ ಮುಂದಿನ ಚಕ್ರಕ್ಕೆ ಹೋಗುತ್ತೆ, ಹಿಂದಿನ ಚಕ್ರ ಹಗುರಾಗಿ ಹಿಡಿತ ಕಳ್ಕೊಳ್ಳುತ್ತೆ, ಆದ್ರಿಂದ ಬರೀ ಹಿಂದಿನ ಚಕ್ರದಲ್ಲಿ ನಿಲ್ಲಿಸಿದ್ರೆ ಮುಂದಿನ ಬ್ರೇಕ್ ಹಿಡಿದಾಗ ಸಿಗೋದರಲ್ಲಿ ಸುಮಾರು ಅರ್ಧ ಮಾತ್ರ ಸಿಗೋದು. ಗಂಟೆಗೆ 30 ಕಿಲೋಮೀಟರ್ ಸ್ಪೀಡಲ್ಲಿ ಬರ್ತಿದ್ರೆ ಒಣ ರೋಡಲ್ಲಿ ಮುಂದಿನ ಬ್ರೇಕ್ ಸರಿಯಾಗಿ ಹಿಡಿದೋನು 7 ಮೀಟರ್ ಆಸುಪಾಸಲ್ಲಿ ನಿಲ್ತಾನೆ, ಬರೀ ಕಾಲಲ್ಲಿ ನಿಲ್ಲಿಸೋನು ತುಂಬಾ ಚೆನ್ನಾಗಿ ಮಾಡಿದ್ರೂ 14 ಮೀಟರ್. ಮಧ್ಯದ ಆ 7 ಮೀಟರಲ್ಲಿ ಒಂದು ಬಿಎಂಟಿಸಿ ಬಸ್ಸಿನ ಬಾಗಿಲು, ಅಲ್ಲಿಂದ ಇಳಿಯೋ ಅಜ್ಜಿ, ಎಲ್ಲಾ ಬರುತ್ತೆ. ಪ್ರಾಕ್ಟೀಸ್ ಎಷ್ಟಿದ್ರೂ ಈ ಲೆಕ್ಕ ಬದಲಾಗಲ್ಲ.

ಲಂಡನ್‌ನಲ್ಲಿ 2016ರಲ್ಲಿ ಮುಂದಿನ ಬ್ರೇಕ್ ಇಲ್ಲದ ಟ್ರ್ಯಾಕ್ ಸೈಕಲ್ ಒಬ್ಬ ಹೆಂಗಸಿಗೆ ಗುದ್ದಿ ಆಕೆ ತೀರ್ಕೊಂಡ್ರು, ಸವಾರನಿಗೆ 2017ರಲ್ಲಿ 18 ತಿಂಗಳು ಶಿಕ್ಷೆ ಆಯ್ತು. ಬ್ರಿಟನ್‌ನಲ್ಲಿ ಫಿಕ್ಸೆಡ್ ಹಿಂದಿನ ಚಕ್ರ ಒಂದು ಬ್ರೇಕ್ ಲೆಕ್ಕ, ಆದ್ರೆ ಮುಂದೆ ಒಂದು ಬ್ರೇಕ್ ಇರ್ಲೇಬೇಕು ಅಂತ ಕಾನೂನು. ಜಪಾನ್‌ನಲ್ಲಂತೂ ರೋಡಿಗೆ ಇಳಿಸ್ಬೇಕು ಅಂದ್ರೆ ಎರಡೂ ಚಕ್ರಕ್ಕೆ ಬ್ರೇಕ್ ಬೇಕು, ಅಂದ್ರೆ ಕೇರಿನ್ ಹುಟ್ಟಿದ ದೇಶದಲ್ಲೇ ಕೇರಿನ್ ಸೈಕಲ್‌ನ ಹಂಗೇ ರೋಡಲ್ಲಿ ಓಡ್ಸೋ ಹಾಗಿಲ್ಲ. ಹೊರದೇಶದಲ್ಲಿ ಓದ್ತಾ ಕೆಲಸ ಮಾಡ್ತಾ ಇರೋ ನಮ್ಮೋರು ಇದನ್ನ ಗಮನದಲ್ಲಿ ಇಟ್ಕೊಳ್ಳಿ.

ಹಂಗಾದ್ರೆ ಅಪ್ಪಟ ಟ್ರ್ಯಾಕ್ ಫ್ರೇಮ್ ತಗೊಂಡು ಫೋರ್ಕ್‌ಗೆ ತೂತು ಹೊಡೆಸ್ಕೊಂಡ್ರೆ ಆಯ್ತಲ್ಲ ಅಂದ್ರೆ, ಕಾರ್ಬನ್ ಫೋರ್ಕ್‌ಗೆ ಡ್ರಿಲ್ ಹಾಕೋ ಯೋಚನೇನೂ ಮಾಡ್ಬೇಡಿ. ಸ್ಟೀಲ್ ಆದ್ರೂ ಫ್ರೇಮ್ ಕೆಲಸ ಗೊತ್ತಿರೋರ ಕೈಲೇ ಮಾಡಿಸ್ಬೇಕು, ವೆಲ್ಡಿಂಗ್ ಶಾಪಲ್ಲಿ ಗೇಟ್ ಮಾಡೋರ ಹತ್ರ ಅಲ್ಲ. ಅದಕ್ಕಿಂತ ತೂತು ಇರೋ ಬೇರೆ ಫೋರ್ಕನ್ನೇ ಹಾಕಿಸೋದು ವಾಸಿ. ಸ್ಟ್ರೀಟ್ ಫ್ರೇಮುಗಳಲ್ಲಿ ಈ ತಲೆನೋವಿಲ್ಲ, ಹಿಂದೆ ಮುಂದೆ ಎರಡಕ್ಕೂ ತೂತು ಇರುತ್ತೆ, ಹೆಚ್ಚಿನವು ಬ್ರೇಕ್ ಸಮೇತಾನೇ ಬರ್ತವೆ.

ಟಯರ್ ಸಂದು ಎರಡನೇದು. ನಮ್ಮ ಕಡೆ ಇದೇ ಮೊದಲನೇದು ಅಂದ್ರೂ ತಪ್ಪಿಲ್ಲ. 23 ಎಂಎಂ ಟಯರ್‌ಗೆ 100 ಪಿಎಸ್‌ಐ ಮೇಲೆ ಗಾಳಿ ಹೊಡಿಬೇಕು, ಇಲ್ಲಾಂದ್ರೆ ಗುಂಡಿ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ರೋಡಿಗೂ ಮಧ್ಯೆ ಸಿಕ್ಕಿ ಪಕ್ಕಪಕ್ಕ ಎರಡು ಸೀಳು ಬೀಳುತ್ತೆ. ಅಷ್ಟು ಗಾಳಿ ಹೊಡೆದ್ರೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಕಲ್ಲುಹಾಸಿನ ಮೇಲೆ ಹಲ್ಲು ಕಟಕಟ ಅನ್ನುತ್ತೆ. ರೆಸಿಡೆನ್ಸಿ ರೋಡಲ್ಲಿ ಟೆಂಡರ್‌ಶ್ಯೂರ್ ಯೋಜನೇಲಿ ನುಣ್ಣಗೆ ಮಾಡಿರೋ ಭಾಗದಲ್ಲಿ ಅದೇ ಟಯರು ಸ್ವರ್ಗ, ಅದು ಒಪ್ತೀನಿ, ಆದ್ರೆ ದಿನಾ ಓಡಾಡೋ ದಾರೀಲಿ ಅಂಥ ರೋಡು ಎಷ್ಟು ದೂರ ಸಿಗುತ್ತೆ? ಪೈಪ್ ಹಾಕೋಕೆ ಅಗೆದು ಮುಚ್ಚಿದ ಜಾಗ, ಮ್ಯಾನ್‌ಹೋಲ್ ಮುಚ್ಚಳ ರೋಡಿಗಿಂತ ಎರಡಿಂಚು ಕೆಳಗೆ, ಬಣ್ಣ ಇಲ್ಲದ ಹಂಪು, ಇದಕ್ಕೆಲ್ಲ ಕಮ್ಮಿ ಅಂದ್ರೂ 28 ಬೇಕು, 32 ಆದ್ರೆ ಇನ್ನೂ ಒಳ್ಳೇದು, 60-65 ಪಿಎಸ್‌ಐ ಸಾಕು. ಸ್ಟೀಮ್‌ರೋಲರ್‌ಗೆ 38ರವರೆಗೂ ಹಿಡಿಯುತ್ತೆ, ಅದಕ್ಕೇ ಅದರ ಹೆಸರು ಹೇಳಿದ್ದು. ಹಳೇ ಸ್ಟೀಲ್ ರೋಡ್ ಫ್ರೇಮುಗಳಲ್ಲೂ ತುಂಬಾ ಸಲ 28 ಆರಾಮಾಗಿ ಕೂರುತ್ತೆ. ಹೈಬ್ರಿಡ್‌ದು ಕೇಳೋದೇ ಬೇಡ, 35-40 ಎಂಎಂ ಜೊತೇಲೇ ಬರುತ್ತೆ.

ಮಳೆಗಾಲ ಸೇರಿಸ್ಕೊಳ್ಳಿ. 25 ಎಂಎಂ ಟಯರೇ ಕಷ್ಟಪಟ್ಟು ಕೂತಿರೋ ಫ್ರೇಮಲ್ಲಿ ಮಡ್‌ಗಾರ್ಡ್ ಎಲ್ಲಿ ತೂರಿಸ್ತೀರಾ. ಸೀಟ್‌ಪೋಸ್ಟಿಗೆ ಸಿಕ್ಕಿಸೋ ಪ್ಲಾಸ್ಟಿಕ್ ಪಟ್ಟಿ ಬೆನ್ನು ಉಳಿಸುತ್ತೆ, ಕಾಲಿಗೆ ಬರೋ ಕೆಸರಿಗೆ ಏನೂ ಮಾಡಲ್ಲ.

ಮೂರನೇದು ಕಾಲ್ಬೆರಳು, ಇದನ್ನ ಟೆಸ್ಟ್ ರೈಡಲ್ಲಿ ಯಾರೂ ಗಮನಿಸಲ್ಲ ಯಾಕಂದ್ರೆ ಟೆಸ್ಟ್ ರೈಡು ನೇರ ರೋಡಲ್ಲಿ ಮಾಡಿರ್ತಾರೆ. ನೇರ ಹೋಗೋವಾಗ ಏನೂ ಇಲ್ಲ. ಮನೆ ಮುಂದಿನ ಗಲ್ಲೀಲಿ ನಿಧಾನಕ್ಕೆ ಯೂ ಟರ್ನ್ ತಗೊಳ್ಳಿ, ಹ್ಯಾಂಡಲ್ ಪೂರ್ತಿ ತಿರುಗಿರುತ್ತೆ, ಅದೇ ಹೊತ್ತಿಗೆ ಹೊರಗಡೆ ಕಾಲಿನ ಪೆಡಲ್ ಮುಂದೆ ಬರುತ್ತೆ, ಶೂ ತುದಿ ಟಯರಿಗೆ ಒರೆಸುತ್ತೆ. ಫ್ರೀವೀಲ್ ಇದ್ರೆ ಕಾಲು ಹಿಂದಕ್ಕೆ ತಗೊಂಡು ಬಚಾವ್. ಫಿಕ್ಸೆಡ್ ಆಗಿದ್ರೆ ಪೆಡಲ್ಲು ನಿಮ್ಮ ಮಾತು ಕೇಳಲ್ಲ, ಕಾಲನ್ನ ಟಯರಿಗೆ ಒತ್ಕೊಂಡೇ ಮುಂದೆ ಹೋಗುತ್ತೆ, ಹ್ಯಾಂಡಲ್ ವಾಪಸ್ ನೇರ ಆಗಲ್ಲ, ಪಕ್ಕದ ಮನೆಯೋರ ಮುಂದೆ ಮೆಲ್ಲಗೆ ಧೊಪ್ ಅಂತ ಬೀಳ್ತೀರ. ಸ್ಪೀಡಲ್ಲಿ ಹ್ಯಾಂಡಲ್ ಅಷ್ಟು ತಿರುಗಲ್ಲ, ಹಂಗಾಗಿ ಅಲ್ಲಿ ತೊಂದರೆ ಇಲ್ಲ. ಆದ್ರೆ ನಮ್ಮ ಟ್ರಾಫಿಕ್ ಅಂದ್ರೇನೇ ನಿಧಾನದಲ್ಲಿ ಸಂದೀಲಿ ಹ್ಯಾಂಡಲ್ ತಿರುಗ್ಸೋದಲ್ವಾ? ಕುಳ್ಳಗಿರೋರಿಗೆ, ಅಂದ್ರೆ ಚಿಕ್ಕ ಸೈಜ್ ಫ್ರೇಮ್ ಬೇಕಾದೋರಿಗೆ ಇದು ಇನ್ನೂ ಜಾಸ್ತಿ. ಪೆಡಲ್ ಕೂರೋ ಕೈ, ಅಂದ್ರೆ ಕ್ರ್ಯಾಂಕ್, 170ರ ಬದಲು 165 ಎಂಎಂದು ಹಾಕಿದ್ರೆ 5 ಎಂಎಂ ಉಳಿಯುತ್ತೆ, ಮಡ್‌ಗಾರ್ಡ್ ಹಾಕಿದ್ರೆ ಆ ಉಳಿತಾಯ ಎಲ್ಲಾ ಹೋಗುತ್ತೆ.

ಟ್ರ್ಯಾಕ್ ಫ್ರೇಮ್ ಪರವಾಗಿ ಒಂದು ಮಾತು ಹೇಳ್ಲೇಬೇಕು. ಅದರ ಬಾಟಮ್ ಬ್ರ್ಯಾಕೆಟ್, ಅಂದ್ರೆ ಕ್ರ್ಯಾಂಕ್ ತಿರುಗೋ ಜಾಗ, ರೋಡ್ ಫ್ರೇಮಿಗಿಂತ 10-15 ಎಂಎಂ ಎತ್ತರದಲ್ಲಿರುತ್ತೆ. ಫಿಕ್ಸೆಡ್ ಓಡ್ಸೋರಿಗೆ ಇದು ನಿಜವಾಗ್ಲೂ ಬೇಕು, ವಾಲಿಸಿ ತಿರುಗೋವಾಗ ಪೆಡಲ್ ನಿಲ್ಸೋಕೆ ಆಗಲ್ಲ ಅಲ್ವಾ, ಕೆಳಗೆ ಬಂದ ಪೆಡಲ್ಲು ರೋಡಿಗೆ ಬಡಿದ್ರೆ ಹಿಂದಿನ ಚಕ್ರ ಎದ್ದುಬಿಡುತ್ತೆ. ಹಳೇ ರೋಡ್ ಫ್ರೇಮನ್ನ ಫಿಕ್ಸೆಡ್ ಮಾಡ್ಕೊಳ್ಳೋರು ಇದನ್ನ ಮರೀತಾರೆ. ಅದೇ ಫ್ರೇಮಿಗೆ ಫ್ರೀವೀಲ್ ಹಾಕಿದ್ರೆ ಈ ಪ್ರಶ್ನೇನೇ ಬರಲ್ಲ.

ಗೇರ್ ವಿಷಯಕ್ಕೆ ಬಂದ್ರೆ ಊರು ನೋಡಿ ಮಾತಾಡ್ಬೇಕು. ನ್ಯೂಯಾರ್ಕಿನ ಕೊರಿಯರ್ ಹುಡುಗರು ಟ್ರ್ಯಾಕ್ ಸೈಕಲ್ ಹಿಡಿದಿದ್ದು ಸ್ಟೈಲಿಗಷ್ಟೇ ಅಲ್ಲ. ಮ್ಯಾನ್‌ಹ್ಯಾಟನ್ ಬಹುಪಾಲು ಸಪಾಟು, ಗೇರ್ ಬೇಕಾಗಿರ್ಲಿಲ್ಲ, ಕೆಟ್ಟೋಗೋ ಪಾರ್ಟ್ ಕಮ್ಮಿ, ಚಳೀಲಿ ಉಪ್ಪು ಹಾಕಿದ ರೋಡಲ್ಲಿ ಗೇರ್ ಬದಲಾಯಿಸೋ ಡಿರೇಲರ್ ತುಕ್ಕು ಹಿಡಿಯೋ ತಲೆಬಿಸಿ ಇಲ್ಲ. ಅಲ್ಲಿ ಕೊರಿಯರ್ ಆಗಿದ್ದ ನೆಲ್ಸನ್ ವೇಲ್ಸ್ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್ ಸ್ಪ್ರಿಂಟ್‌ನಲ್ಲಿ ಬೆಳ್ಳಿ ತಗೊಂಡ್ರು, ಆ ಸಂಸ್ಕೃತಿಗೆ ಒಂದು ಗತ್ತೂ ಬಂತು. ಆ ಗತ್ತನ್ನ ಫೋಟೋದಲ್ಲಿ ನೋಡಿ ನಾವು ಇಲ್ಲಿ ತರಿಸ್ಕೋತೀವಿ, ಮ್ಯಾನ್‌ಹ್ಯಾಟನ್ನಿನ ಸಪಾಟು ರೋಡು ಮಾತ್ರ ಪಾರ್ಸಲ್ಲಲ್ಲಿ ಬರಲ್ಲ. ಮಲ್ಲೇಶ್ವರದ ಕ್ರಾಸುಗಳು, ಹೆಬ್ಬಾಳ ಫ್ಲೈಓವರು ಇವನ್ನೆಲ್ಲ ಒಂದೇ ಗೇರಲ್ಲಿ ಹತ್ತೋವಾಗ ಮಂಡಿಗೆ ಗೊತ್ತಾಗುತ್ತೆ. ಮಂಗಳೂರಲ್ಲಿ ಲೈಟ್‌ಹೌಸ್ ಹಿಲ್, ಕದ್ರಿ ಕಡೆ ಇರೋರು ದಯವಿಟ್ಟು ಗೇರ್ ಸೈಕಲ್ ತಗೊಳ್ಳಿ, ವಾದ ಬೇಡ. ಮೈಸೂರು, ದಾವಣಗೆರೆ, ವಿಜಯಪುರ ಈ ಥರ ಊರೊಳಗೆ ಸಿಂಗಲ್ ಸ್ಪೀಡು ನಿಜವಾಗ್ಲೂ ಚೆನ್ನಾಗಿರುತ್ತೆ.

ಮುಂದೆ 46 ಹಲ್ಲು ಹಿಂದೆ 18 ಇದ್ರೆ ನಿಮಿಷಕ್ಕೆ 90 ಸುತ್ತು ತುಳಿದಾಗ ಸುಮಾರು 29 ಕಿಲೋಮೀಟರ್ ಸ್ಪೀಡು. ಬೆಂಗಳೂರಿಗೆ ಇದು ಹತ್ರಹತ್ರ ಸರಿ, ಸ್ವಲ್ಪ ಇಳಿಸಿ 44-18 ಮಾಡ್ಕೊಂಡ್ರೂ ನಷ್ಟ ಇಲ್ಲ. ತುಂಬಾ ಜನ ಅಂಗಡೀಲಿ ಬಂದ 48-16 ಹಂಗೇ ಇಟ್ಕೊಂಡು ಒದ್ದಾಡ್ತಾರೆ. ಇಳಿಜಾರಲ್ಲಿ ಇನ್ನೊಂದು ಕಥೆ, 46-18 ಫಿಕ್ಸೆಡ್‌ನಲ್ಲಿ ಫ್ಲೈಓವರ್ ಇಳಿಯೋವಾಗ 45 ಮುಟ್ಟಿದ್ರೆ ಕಾಲು ನಿಮಿಷಕ್ಕೆ 135ಕ್ಕೂ ಮೇಲೆ ತಿರುಗ್ತಾ ಇರುತ್ತೆ, ಅಭ್ಯಾಸ ಇಲ್ದೋರು ಸೀಟ್ ಮೇಲೆ ಕುಣೀತಾರೆ, ಮುಂದಿನ ಬ್ರೇಕ್ ಇಲ್ಲಾಂದ್ರೆ ಆಗ ಮಾಡೋಕೆ ಏನೂ ಉಳಿದಿರಲ್ಲ. ಸ್ಕಿಡ್ ಮಾಡೋ ಆಸೆ ಇರೋರಿಗೆ ಇನ್ನೊಂದು ಲೆಕ್ಕ: 48-16 ಭಾಗಿಸಿದ್ರೆ ಸರಿಯಾಗಿ 3 ಬರುತ್ತೆ, ಅಂದ್ರೆ ಯಾವಾಗ್ಲೂ ಒಂದೇ ಕಾಲು ಮುಂದಿಟ್ಟು ಸ್ಕಿಡ್ ಮಾಡಿದ್ರೆ ಟಯರಿನ ಒಂದೇ ಜಾಗ ಸವೀತಾ ಹೋಗುತ್ತೆ. 48-17 ಹಾಕಿದ್ರೆ ಆ ಸವೆತ 17 ಜಾಗಕ್ಕೆ ಹಂಚಿಹೋಗುತ್ತೆ. ಒಂದು ಹಲ್ಲಿನ ವ್ಯತ್ಯಾಸದಲ್ಲಿ ಟಯರ್ ದುಡ್ಡು ಉಳಿಯುತ್ತೆ.

ಇನ್ನು ಹಳೇ ಫ್ರೇಮ್ ಕನ್ವರ್ಷನ್. ಜೇಬಿಗೆ ಹಗುರ, ಕೈ ಕೆಲಸ ಇಷ್ಟ ಇರೋರಿಗೆ ಮಜಾ. ಮೊದಲು ನೋಡ್ಬೇಕಾದ್ದು ಹಿಂದಿನ ಚಕ್ರ ಕೂರೋ ಸೀಳು. ಅದು ಅಡ್ಡಕ್ಕೆ ಉದ್ದ ಇದ್ರೆ ಚಕ್ರ ಹಿಂದೆ ಮುಂದೆ ಮಾಡಿ ಚೈನ್ ಬಿಗಿ ಮಾಡ್ಬಹುದು. ನೇರ ಮೇಲ್ಮುಖ ಇದ್ರೆ, ಈಚಿನ ಫ್ರೇಮೆಲ್ಲಾ ಹಂಗೇ, ಚೈನ್ ಬಿಗಿ ಇಡೋ ಟೆನ್ಷನರ್ ಬೇಕು, ಅದು ಫ್ರೀವೀಲ್ ಜೊತೆ ಮಾತ್ರ ನಡೆಯುತ್ತೆ, ಫಿಕ್ಸೆಡ್‌ಗೆ ಆಗಲ್ಲ. ಟ್ರ್ಯಾಕ್ ಹಬ್ ಅಗಲ 120 ಎಂಎಂ, ಹಳೇ 6-7 ಸ್ಪೀಡ್ ರೋಡ್ ಫ್ರೇಮು 126, ಸ್ಟೀಲ್ ಆದ್ರೆ ಹುಷಾರಾಗಿ ಒತ್ತಿ ಸರಿ ಮಾಡ್ಬಹುದು ಇಲ್ಲಾ ವಾಷರ್ ಹಾಕ್ಬಹುದು, ಅಲ್ಯೂಮಿನಿಯಂ ಒತ್ತೋಕೆ ಹೋಗ್ಬೇಡಿ. ಹಳೇದು 27 ಇಂಚಿನ ಚಕ್ರದ ಫ್ರೇಮ್ ಆಗಿದ್ದು ನೀವು ಈಗಿನ ರೋಡ್ ಸೈಕಲ್ಲಿನ 700ಸಿ ಅಳತೆ ಚಕ್ರ ಹಾಕಿದ್ರೆ ರಿಮ್ಮು 4 ಎಂಎಂ ಕೆಳಗೆ ಹೋಗುತ್ತೆ, ಬ್ರೇಕಿನ ಕೈ ಅಷ್ಟು ಉದ್ದ ಇರ್ಬೇಕು. ಮತ್ತೆ ದುಡ್ಡು ಉಳಿಸೋಕೆ ಫ್ರೀವೀಲ್ ಹಬ್‌ಗೇ ಫಿಕ್ಸೆಡ್ ಹಲ್ಲುಚಕ್ರ ತಿರುಪಿ ಮೇಲೆ ಬಾಟಮ್ ಬ್ರ್ಯಾಕೆಟ್ಟಿನ ರಿಂಗ್ ಬಿಗಿಯೋ ಐಡಿಯಾ ಯಾರಾದ್ರೂ ಕೊಟ್ರೆ ನಕ್ಕು ಸುಮ್ನಾಗಿ. ನಿಜವಾದ ಟ್ರ್ಯಾಕ್ ಹಬ್ಬಲ್ಲಿ ಹಲ್ಲುಚಕ್ರ ಬಿಚ್ಚದ ಹಾಗೆ ಹಿಡಿಯೋ ಲಾಕ್‌ರಿಂಗಿನ ಮರೆ ಉಲ್ಟಾ ಇರುತ್ತೆ, ನೀವು ಹಿಂದಕ್ಕೆ ಒತ್ತಿದಷ್ಟೂ ಬಿಗಿಯಾಗುತ್ತೆ. ಆ ಜುಗಾಡಲ್ಲಿ ಎರಡೂ ಒಂದೇ ಕಡೆ ತಿರುಗೋ ಮರೆ, ಜೋರಾಗಿ ಹಿಂದಕ್ಕೆ ಒತ್ತಿದ ದಿನವೇ ಎರಡೂ ಬಿಚ್ಕೊಂಡು ಬರುತ್ತೆ.

ಬಿಡಿಭಾಗದ ವಿಷಯದಲ್ಲಿ ಒಂದು ಖುಷಿ ಇದೆ. ದಪ್ಪ 1/8 ಇಂಚಿನ ಚೈನು ಯಾವ ತಾಲ್ಲೂಕಿನ ಸೈಕಲ್ ಶಾಪಲ್ಲಾದ್ರೂ ಸಿಗುತ್ತೆ, ಹಾಲಿನೋರ ಸೈಕಲ್ಲಿಗೆ ಹಾಕೋದೂ ಅದೇ. 16 ಅಥವಾ 18 ಹಲ್ಲಿನ ಸಾದಾ ಫ್ರೀವೀಲ್ಲೂ ಹಂಗೇ. ಅತ್ತ ಕೇರಿನ್ ಫ್ರೇಮ್ ತಗೊಂಡೋರಿಗೆ 1 ಇಂಚಿನ ಹೆಡ್‌ಸೆಟ್ಟು (ಹ್ಯಾಂಡಲ್ ತಿರುಗೋ ಬೇರಿಂಗು) ಹುಡುಕೋ ಕೆಲಸ ಬರುತ್ತೆ. ಕೇರಿನ್ ಅಂದ್ರೆ 1948ರಲ್ಲಿ ಕೊಕುರಾ ಊರಲ್ಲಿ ಶುರುವಾದ ಬೆಟ್ಟಿಂಗ್ ರೇಸು, ಎಲ್ರ ಸೈಕಲ್ಲೂ ಒಂದೇ ಮಟ್ಟದಲ್ಲಿರ್ಲಿ ಅಂತ ಫ್ರೇಮು ಪಾರ್ಟುಗಳಿಗೆ ಎನ್‌ಜೆಎಸ್ ಮುದ್ರೆ ಕಡ್ಡಾಯ. ಆ ಮುದ್ರೆ ಇರೋ ಸ್ಟೀಲ್ ಫ್ರೇಮಿನ ಕೈಕೆಲಸ ನೋಡ್ತಾ ಕೂರ್ಬಹುದು, ಅಷ್ಟು ಚೆಂದ. ಆದ್ರೆ ಆ ಮುದ್ರೆಗೂ ರೋಡಲ್ಲಿ ಬಾಳಿಕೆಗೂ ಸಂಬಂಧ ಇಲ್ಲ, ರೇಸಲ್ಲಿ ಬಿದ್ದೆದ್ದ ಫ್ರೇಮೂ ಇರುತ್ತೆ, ಹೆಡ್ ಟ್ಯೂಬ್ ಹಿಂದೆ, ಅಲ್ಲಿಂದ ಪೆಡಲ್ ಕಡೆ ಇಳಿಯೋ ಡೌನ್ ಟ್ಯೂಬಿನ ಕೆಳಗಡೆ ಬಣ್ಣ ಸುಕ್ಕು ಬಿದ್ದಿದ್ಯಾ ಅಂತ ಬೆರಳಾಡಿಸಿ ನೋಡಿ, ಸುಕ್ಕಿದ್ರೆ ಎಷ್ಟು ಕಮ್ಮಿಗೆ ಕೊಟ್ರೂ ಬೇಡ.

ಪಂಚರ್ ಆದಾಗಿನ ಕಥೆ ಚಿಕ್ಕದಾಗಿ ಹೇಳ್ತೀನಿ. ಟ್ರ್ಯಾಕ್ ಫ್ರೇಮಲ್ಲಿ ಚಕ್ರ ಹಿಂದಕ್ಕೆ ಎಳೆದು ತೆಗೀಬೇಕು, ಎರಡು ಕಡೆ 15 ಎಂಎಂ ನಟ್ಟು, ಸ್ಪ್ಯಾನರ್ ಬ್ಯಾಗಲ್ಲಿರ್ಲಿ. ವಾಪಸ್ ಹಾಕೋವಾಗ ಚೈನ್ ನಡುವೆ ಬೆರಳಲ್ಲಿ ಎತ್ತಿ ಒತ್ತಿದ್ರೆ ಒಂದು ಸೆಂಟಿಮೀಟರ್ ಆಡ್ಬೇಕು. ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ, ಒಂದು ಕಡೆ ಬಿಗಿ ಬರುತ್ತೆ, ಆ ಬಿಗಿ ಜಾಗದಲ್ಲಿ ಅಳತೆ ನೋಡ್ಬೇಕು. ನಟ್ಟು ಇರೋದ್ರಿಂದ ಒಂದು ಲಾಭ ಅಂದ್ರೆ ಕ್ವಿಕ್ ರಿಲೀಸ್ ಥರ ಸುಲಭಕ್ಕೆ ಚಕ್ರ ಕದ್ದೊಯ್ಯೋಕೆ ಆಗಲ್ಲ.

ಆಫೀಸಿಗೆ ಹೋಗೋರು ಬಟ್ಟೆ, ಲ್ಯಾಪ್‌ಟಾಪು, ಟಿಫನ್ ಬಾಕ್ಸು ಎಲ್ಲಾ ಬೆನ್ನಿಗೇ ಹಾಕ್ಕೋಬೇಕು, ಕ್ಯಾರಿಯರ್ ಇಲ್ಲ. ಫಿಕ್ಸೆಡ್‌ಗೆ ಕಾಲು ಕಟ್ಟೋ ಸ್ಟ್ರ್ಯಾಪ್ ಬೇಕೇಬೇಕು, ಅಂದ್ರೆ ಚಪ್ಪಲಿ ಮೆಟ್ಕೊಂಡು ಹಾಲು ತರೋಕೆ ಹೋಗೋ ಸೈಕಲ್ ಅಲ್ಲ ಅದು. ಮೂರನೇ ಮಹಡೀಲಿ ಲಿಫ್ಟ್ ಇಲ್ದೆ ಇರೋರಿಗೆ ಮಾತ್ರ ಒಳ್ಳೇ ಟ್ರ್ಯಾಕ್ ಸೈಕಲ್ಲಿನ 8-9 ಕೆಜಿ ದೊಡ್ಡ ವರ. ಕಮ್ಮಿ ರೇಟಿನ ಫಿಕ್ಸಿಗಳು ತೆಳ್ಳಗೆ ಕಂಡ್ರೂ 11-12 ಕೆಜಿ ತೂಗ್ತವೆ, ಎತ್ತಿ ನೋಡಿ ತಗೊಳ್ಳಿ.

ಹಂಗಾಗಿ ನನ್ನನ್ನ ಕೇಳಿದ್ರೆ, ವಾರಕ್ಕೆ ಒಂದೆರಡು ಸಲ ಮುಂಜಾನೆ ಖಾಲಿ ರೋಡಲ್ಲಿ ಕಬ್ಬನ್ ಪಾರ್ಕ್ ಕಡೆ ಹೋಗಿ ಬರೋರು, ಮನೇಲಿ ಇನ್ನೊಂದು ಸೈಕಲ್ ಇರೋರು, ಫಿಕ್ಸೆಡ್ ಕಲೀಬೇಕು ಅನ್ನೋರು ಸ್ಟ್ರೀಟ್ ಫ್ರೇಮ್ ತಗೊಳ್ಳಿ. ಒಂದು ಕಡೆ ಫಿಕ್ಸೆಡ್ ಒಂದು ಕಡೆ ಫ್ರೀವೀಲ್ ಇರೋ ಫ್ಲಿಪ್ ಫ್ಲಾಪ್ ಹಬ್ ಇರ್ಲಿ, ಫ್ರೀವೀಲ್ ಕಡೆ ಹಾಕಿ ಶುರು ಮಾಡಿ, ಆ ಕಡೆ ಓಡ್ಸೋವಾಗ ಎರಡೂ ಬ್ರೇಕ್ ಇರ್ಲೇಬೇಕು. ಟೂಲ್ಸ್ ಇಷ್ಟ, ಬಜೆಟ್ ಕಮ್ಮಿ ಅಂದ್ರೆ ಹಳೇ ಸ್ಟೀಲ್ ಫ್ರೇಮ್, ಫ್ರೀವೀಲ್ ಹಾಕ್ಕೊಂಡು. ಇರೋದು ಒಂದೇ ಸೈಕಲ್ಲು, ಮಳೆ ಬಿಸಿಲು ಏನಿದ್ರೂ ಅದ್ರಲ್ಲೇ ಆಫೀಸು ಅಂದ್ರೆ ಹೈಬ್ರಿಡ್, ಬೇಜಾರು ಮಾಡ್ಕೋಬೇಡಿ. ಅಪ್ಪಟ ಟ್ರ್ಯಾಕ್ ಫ್ರೇಮು ವಿಜಯಪುರ ಬಾಗಲಕೋಟೆ ಕಡೆ ರೇಸಿಗೆ ತಯಾರಾಗೋ ಹುಡುಗ ಹುಡುಗೀರಿಗೆ, ಟ್ರ್ಯಾಕಲ್ಲಿ ಓಡೋರಿಗೆ ಬಿಟ್ಟುಬಿಡೋಣ.

ಅಂಗಡಿಗೆ ಹೋಗೋವಾಗ ದಿನಾ ಹಾಕೋ ಶೂನೇ ಹಾಕ್ಕೊಂಡು ಹೋಗಿ. ಸೈಕಲ್ ಮೇಲೆ ಕೂತು ಪೆಡಲ್ ನೆಲಕ್ಕೆ ಸಮ ಮುಂದಕ್ಕಿಟ್ಟು ಹ್ಯಾಂಡಲ್ ಆ ಕಾಲಿನ ಎದುರು ಕಡೆಗೆ ತಿರುಗಿಸಿ ನೋಡಿ. ಫೋರ್ಕ್ ತಲೇಲಿ ತೂತು ಮುಂದಿಂದ ಹಿಂದಕ್ಕೆ ಪೂರ್ತಿ ಇದ್ಯಾ ಬಗ್ಗಿ ನೋಡಿ, ಕೆಲವದ್ರಲ್ಲಿ ಮುಂದೆ ಮಾತ್ರ ಒಂದು ಗುಳಿ ಇದ್ದು ಸ್ಟಿಕ್ಕರ್ ಅಂಟಿಸಿರ್ತಾರೆ. ಆಮೇಲೆ 28ರ ಟಯರ್ ಹಾಕಿರೋ ಬೇರೆ ಚಕ್ರ ಒಂದು ತರಿಸಿ ಹಿಂದೆ ಕೂರಿಸಿ ತೋರ್ಸಿ ಅನ್ನಿ, ಚಕ್ರ ಕೂರಿಸ್ದೆ "ಹಿಡಿಯುತ್ತೆ ಸಾರ್" ಅಂತ ಬರೀ ಬಾಯಲ್ಲಿ ಹೇಳಿದ್ರೆ ಅಡ್ವಾನ್ಸ್ ಕೊಡ್ಬೇಡಿ.